ಕಡಲೆಕಾಯಿ ಹಾಲಿನ ತಂಬಿಗೆ

ನಮ್ಮ ಮನೆಯಲ್ಲಿ ಹಾಲಿಗೆ ಯಾವತ್ತೂ ಕೊರತೆ ಇರಲಿಲ್ಲ. ಜಡಿಗೇನಹಳ್ಳಿ ಹೋಬಳಿಯ ನಮ್ಮೂರಲ್ಲಿ ಹಿತ್ತಲಿಗೊಂದು ಕೊಟ್ಟಿಗೆ ಇದ್ದೇ ಇರುತ್ತದೆ. ನಮ್ಮ ಕೊಟ್ಟಿಗೆಯಲ್ಲಿ ಎರಡು ಸೀಮೆಹಸು. ಬೆಳಿಗ್ಗೆ ಒಂದು ಕ್ಯಾನು, ಸಂಜೆ ಒಂದು ಕ್ಯಾನು ಊರ ಡೇರಿಗೆ ಹೋಗುತ್ತಿತ್ತು. ಅಂಥ ಮನೆಯ ಸೊಸೆಯಾದ ನಾನು ಹಾಲು ಬಿಟ್ಟು, ಕಾಳಿನಿಂದ ಹಿಂಡುವ ಹಾಲಿನ ಬೆನ್ನು ಹತ್ತಿದೆ. ಇದನ್ನು ಕೇಳಿ ನಕ್ಕವರ ಮೇಲೆ ನನಗೆ ಸಿಟ್ಟಿಲ್ಲ. ಈಗ ಯೋಚಿಸಿದರೆ ನನಗೇ ನಗು ಬರಬೇಕು. ಬರುವುದಿಲ್ಲ, ಅಷ್ಟೇ.

ನಾನು ಹೊಸಕೋಟೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಶಾಲೆಯ ಪರಿಸರ ಸಂಘದ ಉಸ್ತುವಾರಿಯೂ ನನ್ನ ತಲೆಗೇ ಬಂದಿತ್ತು. ಒಂದು ಸಲ ಅದರ ತರಬೇತಿಗೆ ಕಳಿಸಿದರು. ದನದ ತೇಗಿನಿಂದ ಹಿಡಿದು ಮೇವಿಗೆ ಹರಿಸುವ ನೀರಿನವರೆಗೆ ಒಂದು ಲೋಟ ಹಾಲಿನ ಹಿಂದೆ ಏನೇನಿದೆ ಎಂದು ಅಲ್ಲಿ ವಿವರಿಸಿದರು. ಎಲ್ಲರೂ ಬರೆದುಕೊಂಡು, ಹಾಲು ಹಾಕಿದ ಕಾಫಿ ಕುಡಿದು ಮನೆಗೆ ಹೋದರು. ನಾನು ಮಾತ್ರ ಅದನ್ನು ತಲೆಗೆ ಹಚ್ಚಿಕೊಂಡೆ. ನನ್ನ ಸ್ವಭಾವವೇ ಅಂಥದ್ದು. ಪಾಠ ಮಾಡಿದ್ದನ್ನು ಮಾಡದೆ ಇದ್ದರೆ ಮೈಯೆಲ್ಲ ಕಡಿಯುತ್ತದೆ. ಮನೆಗೆ ಬಂದು ಹಿತ್ತಲಲ್ಲಿ ನಿಂತು ನೋಡಿದೆ. ಬೋರ್‌ವೆಲ್ಲಿನ ನೀರು ಸೀಮೆಹುಲ್ಲಿನ ಪಾತಿಗೆ ಹೋಗುತ್ತಿತ್ತು. ಉಳಿದದ್ದು ಕೊಟ್ಟಿಗೆ ತೊಳೆಯುವುದಕ್ಕೆ. ನಮ್ಮ ಕುಡಿಯುವ ನೀರಿನ ಡ್ರಮ್ಮು ಕೊನೆಗೆ ತುಂಬುತ್ತಿತ್ತು.

ಹಸು ಮಾರಿಬಿಡೋಣ ಎನ್ನುವ ಧೈರ್ಯ ನನಗಿರಲಿಲ್ಲ. ಆ ಹಸುಗಳು ನನ್ನ ಅತ್ತೆಯವು. ಅವರ ಎಚ್ಚರ, ನಿದ್ದೆ, ಊಟ, ನಡಿಗೆ ಎಲ್ಲ ಅವುಗಳ ಲೆಕ್ಕದಲ್ಲೇ ನಡೆಯುತ್ತಿತ್ತು. ನಾನು ಇಸ್ತ್ರಿ ಸೀರೆ ಉಟ್ಟು ಬಸ್ಸು ಹತ್ತುವ ಹೊತ್ತಿಗೆ ಅವರು ಸೆರಗು ಸಿಕ್ಕಿಸಿ ಸಗಣಿ ಬಾಚುತ್ತಿರುತ್ತಿದ್ದರು. ಹಾಗಾಗಿ ನಾನೊಬ್ಬಳೇ ಹಾಲು ಬಿಡುವುದು, ಅವರ ತಂಟೆಗೆ ಹೋಗದಿರುವುದು ಎಂದು ತೀರ್ಮಾನಿಸಿದೆ. ಆದರೆ ಕಾಫಿ ಬಿಡಲು ಆಗಲಿಲ್ಲ. ಕರಿ ಕಾಫಿ ಎರಡು ದಿನ ಕುಡಿದು ಗಂಡನ ಮೇಲೆ ಎಗರಾಡಿದೆ. ಆಗ ಶುರುವಾಯಿತು ಹುಡುಕಾಟ.

ಮೊದಲು ಹೊಸಕೋಟೆಯ ದೊಡ್ಡ ಅಂಗಡಿಯಿಂದ ಸೋಯಾ ಹಾಲಿನ ಡಬ್ಬ ತಂದೆ. ಕಾಫಿಗೆ ಹಾಕಿದರೆ ಹಸಿ ಕಾಳು ನೆನೆಸಿಟ್ಟ ನೀರಿನ ವಾಸನೆ. ಬಾದಾಮಿ ಹಾಲು ತಂದೆ. ಅದು ನೀರು ನೀರಾಗಿತ್ತು, ಜೊತೆಗೆ ಬಾದಾಮಿ ಎಲ್ಲಿಂದ ಬರುತ್ತದೆ, ಎಷ್ಟು ನೀರು ಕುಡಿಯುತ್ತದೆ ಎಂದು ಓದಿ ಗಂಟಲಲ್ಲಿ ಇಳಿಯಲಿಲ್ಲ. ಓಟ್ಸ್ ಹಾಲು ನಿಜಕ್ಕೂ ಚೆನ್ನಾಗಿತ್ತು. ಸಿಹಿ, ಮಂದ. ಡಬ್ಬ ತಿರುಗಿಸಿ ನೋಡಿದರೆ ಅದು ಎರಡು ಸಮುದ್ರ ದಾಟಿ ಬಂದಿತ್ತು. ಖಾಲಿ ಡಬ್ಬಗಳ ಒಳಗೆ ಬೆಳ್ಳಿ ಹಾಳೆ, ಹೊರಗೆ ರಟ್ಟು. ನಮ್ಮೂರಲ್ಲಿ ಅದನ್ನು ಒಯ್ಯುವವರಿಲ್ಲ. ನನ್ನ ಗಂಡ ಅವನ್ನು ತಿಪ್ಪೆಯ ಪಕ್ಕ ಸುಟ್ಟರು. ಹೊಗೆ ನೇರ ಅಡಿಗೆಮನೆಗೆ ಬಂತು.

"ಪರಿಸರ ಉಳೀತು ಬುಡು," ಎಂದರು ಅವರು, ಕಣ್ಣೊರೆಸಿಕೊಂಡು.

ಸಿಟ್ಟು ಬಂತು, ಬುದ್ಧಿಯೂ ಬಂತು. ರುಚಿ ಇರಬೇಕು, ಮಳೆ ನೀರಲ್ಲೇ ಬೆಳೆದಿರಬೇಕು, ನಡೆದುಹೋಗಿ ತರುವಷ್ಟು ಹತ್ತಿರದ್ದಾಗಿರಬೇಕು. ಹಾಗೆಂದುಕೊಂಡು ಸುತ್ತ ನೋಡಿದರೆ ನಮ್ಮದೇ ಹೊಲದಲ್ಲಿ ರಾಗಿಯ ಜೊತೆಗೆ ಕಡಲೆಕಾಯಿ ಇತ್ತು. ರಾಗಿ ಹಾಲು ಹಿಂಡಿದೆ. ಒಲೆಯ ಮೇಲಿಟ್ಟ ಕೂಡಲೇ ಗಂಜಿಯಾಗಿ ಕೂತಿತು. ತೆಂಗಿನ ಹಾಲು ಕಾಫಿಯನ್ನು ಪಾಯಸ ಮಾಡಿತು. ಬರೀ ಕಡಲೆಕಾಯಿ ಹಾಲಿಗೆ ಹಸಿ ವಾಸನೆ ಇತ್ತು, ತೆಳುವಾಗಿಯೂ ಇತ್ತು. ಕೊನೆಗೆ, ರಾತ್ರಿ ನೆನೆಸಿ ಸಿಪ್ಪೆ ಉಜ್ಜಿ ತೆಗೆದ ಕಡಲೆಬೀಜದ ಜೊತೆ ಒಂದು ಹಿಡಿ ಸಾಮೆ ಅಕ್ಕಿ ನೆನೆಹಾಕಿ, ರುಬ್ಬಿ, ಹಳೆ ಪಂಚೆಯಲ್ಲಿ ಹಿಂಡಿ, ಒಂದು ಕುದಿ ಬರಿಸಿದೆ. ಬೆಳ್ಳಗೆ, ಹದವಾಗಿ ಬಂತು. ಕಾಫಿಗೆ ಹಾಕಿ ಕುಡಿದು ಒಬ್ಬಳೇ ಅಡಿಗೆಮನೆಯಲ್ಲಿ ನಕ್ಕೆ. ಎಂಟನೇ ಕ್ಲಾಸಿನವರು ಮೊದಲ ಸಲ ಬಲ್ಬು ಹೊತ್ತಿಸಿದಾಗ ನಗುತ್ತಾರಲ್ಲ, ಹಾಗೆ.

ಗಂಡ ಕುಡಿದು, "ಪರ್ವಾಗಿಲ್ಲ," ಎಂದರು. ನನಗೆ ಬೇಕಿದ್ದದ್ದು ಅವರ ಮಾತಲ್ಲ, ಅತ್ತೆಯದು. ಹಾಲಿನ ವಿಷಯದಲ್ಲಿ ಆ ಮನೆಯಲ್ಲಿ, ಆ ಊರಲ್ಲಿ, ಅವರ ನಾಲಿಗೆಯೇ ಕೊನೆ. ಲೋಟ ತೆಗೆದುಕೊಂಡು ಹೋದೆ. ಅವರು ಅದರೊಳಗೆ ಬಗ್ಗಿ ನೋಡಿ, ಮೂಸಲೂ ಇಲ್ಲ, ಕಟ್ಟೆಯ ಮೇಲೆ ಇಟ್ಟರು.

"ಕೆಚ್ಚಲಿಲ್ಲದ್ದನ್ನ ಹಾಲು ಅನ್ಬಾರ್ದು ಕಣಮ್ಮಿ. ರಸ ಅನ್ನು ಬೇಕಾದ್ರೆ."

"ಒಂದು ಗುಟುಕು ಕುಡೀರಿ ಅತ್ತೆ, ಆಮೇಲೆ ಹೇಳಿ."

"ನಂಗ್ಯಾಕವ್ವ? ಮನೆ ತುಂಬ ಹಾಲೈತೆ."

ನಾನು ಬಿಡಲಿಲ್ಲ. ತಿಂಗಳುಗಟ್ಟಲೆ, ವಾರಕ್ಕೊಮ್ಮೆಯಾದರೂ ಲೋಟ ಹಿಡಿದು ನಿಲ್ಲುತ್ತಿದ್ದೆ. ಏಲಕ್ಕಿ ಹಾಕಿದೆ, ಬೆಲ್ಲ ಹಾಕಿದೆ. ಅವರು ಒಂದು ದಿನವೂ ತುಟಿಗೆ ತಾಗಿಸಲಿಲ್ಲ. ಬೈಯಲೂ ಇಲ್ಲ. ಅದಕ್ಕೇ ನನಗೆ ಹಟ ಹೆಚ್ಚಾಯಿತು.

ಅತ್ತೆಯ ಹಾಲಿನ ಮರ್ಯಾದೆ ಎಂಥದ್ದು ಎಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಊರ ಡೇರಿಯಲ್ಲಿ ಬೆಳಿಗ್ಗೆ ಮೊದಲ ಕ್ಯಾನು ಅವರದು. ಹಾಲಿನ ಅಂಶ ಅಳೆಯುವ ಮಿಷನ್ನಿನ ಮೇಲೆ ಯಾರಾದರೂ ಜಗಳ ತೆಗೆದರೆ ಕಾರ್ಯದರ್ಶಿ, "ಹೋಗ್ಲಿ, ಆಯಮ್ಮನ ಹಾಲು ಹಾಕಿ ನೋಡಾನ, ಅದ್ರಲ್ಲಿ ಸರಿ ತೋರ್ಸಿದ್ರೆ ಮಿಷನ್ನು ಸರಿಯಾಗೈತೆ," ಎನ್ನುತ್ತಿದ್ದ. ತಂಬಿಗೆ ತೊಳೆದ ನೀರನ್ನು ಕೂಡ ಅತ್ತೆ ಕ್ಯಾನಿಗೆ ಬಿಟ್ಟವರಲ್ಲ. ಅದು ಕರುವಿನ ಬಾನಿಗೆ. ಊರಲ್ಲಿ ಯಾರೇ ಹೊಸ ಮನೆ ಕಟ್ಟಲಿ, ಗೃಹಪ್ರವೇಶದ ದಿನ ಉಕ್ಕಿಸುವ ಹಾಲು ನಮ್ಮ ಮನೆಯಿಂದಲೇ ಹೋಗಬೇಕು. ಹೆಂಗಸರು ನಸುಕಿನಲ್ಲಿ ಚೊಂಬು ಹಿಡಿದು ಬರುತ್ತಿದ್ದರು, ಅತ್ತೆ ಮೊದಲ ಕರಾವಿನ ಹಾಲನ್ನು ತಮ್ಮ ಕೈಯಾರೆ ತುಂಬಿ ಕೊಡುತ್ತಿದ್ದರು. ನಾನು ಮದುವೆಯಾಗಿ ಬಂದಾಗಿನಿಂದ ಇದನ್ನು ನೋಡಿದ್ದೇನೆ. ಓದದ, ಬರೆಯದ ಆ ಹೆಂಗಸಿಗೆ ಊರು ಕೊಟ್ಟ ಪದವಿ ಅದೊಂದೇ.

ಕೊಟ್ಟಿಗೆಯ ಕ್ರಮ ಹೀಗಿತ್ತು. ದೊಡ್ಡ ಹಸುವನ್ನು ಅತ್ತೆ ಕರೆದು ನೇರ ಕ್ಯಾನಿಗೆ ಸುರಿಯುವರು. ಎಳೇ ಹಸುವನ್ನು ನನ್ನ ಗಂಡ ಕರೆದು, ಸ್ಟೀಲ್ ತಂಬಿಗೆಯನ್ನು ಅಡಿಗೆಮನೆಯ ಬಾಗಿಲ ಪಕ್ಕದ ಕಟ್ಟೆಯ ಮೇಲಿಟ್ಟು ಕೆಲಸಕ್ಕೆ ಹೊರಡುವರು. ಅವರು ಹೆದ್ದಾರಿ ಪಕ್ಕದ ಗೋದಾಮಿನಲ್ಲಿ ಸೂಪರ್‌ವೈಸರು, ಬೆಳಗಿನ ಪಾಳಿ. ಅತ್ತೆ ಬಂದು ಆ ತಂಬಿಗೆಯನ್ನು ಕ್ಯಾನಿಗೆ ಬಗ್ಗಿಸಿ ಡೇರಿಗೆ ಹೋಗುವರು. ನನ್ನ ಕಡಲೆಕಾಯಿ ಹಾಲಿಗೆ ಬೇರೆಯೇ ಒಂದು ಗಾಜಿನ ಸೀಸೆ ಇತ್ತು. ಆ ಎರಡು ದಾರಿ ಒಂದಾಗುವ ಸಂದರ್ಭವೇ ಇರಲಿಲ್ಲ.

ಆ ಶನಿವಾರ ಸೀಸೆ ಶಾಲೆಯಲ್ಲೇ ಉಳಿದಿತ್ತು. ಬೆಳಗಿನ ಶಾಲೆ, ಬಸ್ಸಿನ ಅವಸರ. ಹಾಲು ಹಿಂಡಿ, ಕುದಿಸಿ, ಕೈಗೆ ಸಿಕ್ಕ ಇನ್ನೊಂದು ಸ್ಟೀಲ್ ತಂಬಿಗೆಗೆ ಸುರಿದೆ. ಬೇಗ ಆರಲಿ ಎಂದು ಗಾಳಿ ಬರುವ ಕಟ್ಟೆಯ ಮೇಲೆ, ಗಂಡ ಇಟ್ಟು ಹೋಗಿದ್ದ ತಂಬಿಗೆಯ ಪಕ್ಕದಲ್ಲೇ ಇಟ್ಟೆ. ನಾನೇ ಇಟ್ಟೆ. ಇಟ್ಟು ಸ್ನಾನಕ್ಕೆ ಹೋದೆ.

ಬಚ್ಚಲಿನಿಂದ ಅತ್ತೆಯ ದನಿ ಕೇಳಿಸಿತು. ಎಳೇ ಹಸುವಿನ ಜೊತೆ ಮಾತಾಡುತ್ತಿದ್ದರು. "ಎರಡು ತಂಬ್ಗೆ ಕೊಟ್ಬುಟ್ಟಿದ್ದೀಯಲ್ಲವ್ವ ಇವತ್ತು! ನನ್ ಬಂಗಾರ!" ಎಂದು ಅದರ ಬೆನ್ನು ತಟ್ಟಿದ ಸದ್ದು. ನಾನು ಅದನ್ನು ಕೇಳಿಯೂ ಸೋಪು ಹಚ್ಚಿಕೊಳ್ಳುತ್ತಿದ್ದೆ.

ತಲೆ ಒರೆಸಿಕೊಂಡು ಬಂದು ನೋಡಿದರೆ ಎರಡು ತಂಬಿಗೆಯೂ ತೊಳೆದು ಬೋರಲು ಹಾಕಿದ್ದವು. ಒದ್ದೆ ತಲೆಯಲ್ಲೇ ಡೇರಿಗೆ ಓಡಿದೆ.

ಆ ದಿನವೇ ಮೇಲಿನವರು ಯಾರೋ ತಪಾಸಣೆಗೆ ಬಂದಿದ್ದರು. ಅತ್ತೆಯ ಕ್ಯಾನು ಎಂದಿನಂತೆ ಮೊದಲು ಹೋಗಿ, ಮಿಷನ್ನು ಏನೋ ಓರೆಕೋರೆ ಅಂಕಿ ತೋರಿಸಿತ್ತು. ಕಾರ್ಯದರ್ಶಿ, "ಮಿಷನ್ ಕೆಟ್ಟಿರ್ಬೇಕು ಸಾರ್," ಎಂದನಂತೆ. ಅವನಿಗೆ ಮಿಷನ್ನಿಗಿಂತ ಅತ್ತೆಯ ಮೇಲೆ ನಂಬಿಕೆ. ಬಂದವರಿಗೆ ಅತ್ತೆ ಯಾರೆಂದು ಏನು ಗೊತ್ತು? ಅವರು ಗಾಜಿನ ನಳಿಕೆಯಲ್ಲಿ ಸ್ವಲ್ಪ ಹಾಲು ಕಾಯಿಸಿ, ಆರಿಸಿ, ಕಂದು ಬಣ್ಣದ ಸೀಸೆಯಿಂದ ಎರಡು ಹನಿ ಬಿಟ್ಟರು. ನಾನು ಬಾಗಿಲಿಗೆ ಬರುವುದಕ್ಕೂ ಅದಕ್ಕೂ ಸರಿಹೋಯಿತು. ನಳಿಕೆಯಲ್ಲಿ ಹಾಲು ನೀಲಿಯಾಯಿತು.

ಪ್ರತಿ ವರ್ಷ ಎಂಟನೇ ತರಗತಿಗೆ ಆಲೂಗಡ್ಡೆಯ ಹೋಳಿನ ಮೇಲೆ ಅಯೋಡಿನ್ ಬಿಟ್ಟು, "ನೋಡಿ ಮಕ್ಕಳೇ, ನೀಲಿಯಾದರೆ ಪಿಷ್ಟ ಇದೆ ಎಂದರ್ಥ," ಎಂದು ಹೇಳುವವಳು ನಾನೇ. ಅಲ್ಲಿದ್ದವರಲ್ಲಿ ಆ ಬಣ್ಣದ ಅರ್ಥ ಪೂರ್ತಿ ತಿಳಿದವಳೂ ನಾನೇ. ಸಾಮೆ ಅಕ್ಕಿ ನೀಲಿಯಾಗಿ ನಿಂತಿತ್ತು.

"ಹಿಟ್ಟು ಬೆರೆಸಿದ್ದಾರೆ," ಎಂದರು ಬಂದವರು. ಗದರಿಸಲೂ ಇಲ್ಲ, ಸುಮ್ಮನೆ ಬರೆದುಕೊಂಡರು.

ಸಾಲಿನಲ್ಲಿ ನಿಂತ ಇಪ್ಪತ್ತು ಜನ ಅತ್ತೆಯನ್ನು ನೋಡಿದರು. ಅತ್ತೆ ನಳಿಕೆಯನ್ನೇ ನೋಡುತ್ತಿದ್ದರು. ಅವರಿಗೆ ಏನಾಯಿತೆಂದು ಗೊತ್ತಿರಲಿಲ್ಲ. ತಮ್ಮ ಹಾಲು ಬಣ್ಣ ತಿರುಗಿತೆಂಬುದಷ್ಟೇ ಗೊತ್ತಿತ್ತು.

ನಾನು ನುಗ್ಗಿದೆ. "ಸಾರ್, ಅದು ಕಲಬೆರಕೆ ಅಲ್ಲ. ಮನೆಯಲ್ಲಿ ನಾನು ಕಡಲೆಕಾಯಿಯಿಂದ ಹಾಲು ಮಾಡ್ತೀನಿ. ಅದು ಮರೆತು..."

ಮಾತು ಬಾಯಿಂದ ಬೀಳುತ್ತಿದ್ದ ಹಾಗೇ ಅದು ಬೇರೆಯವರ ಕಿವಿಗೆ ಹೇಗೆ ಕೇಳುತ್ತಿದೆ ಎಂದು ನನಗೆ ಹೊಳೆಯಿತು. ಆದರೆ ಬಿದ್ದಾಗಿತ್ತು.

"ಏನಂದ್ರಿ ಟೀಚರಮ್ಮ?" ಎಂದ ಕಾರ್ಯದರ್ಶಿ. "ಮನೇಲಿ ಹಾಲು ಮಾಡ್ತೀರಾ?"

ಸಾಲಿನಲ್ಲಿದ್ದ ಒಬ್ಬ ಹೇಳಿದ, "ವಾಟ್ಸಾಪಲ್ಲಿ ಬರ್ತಿತ್ತು ಕಣೋ, ಅದೇನೇನೋ ಹಾಕಿ ಹಾಲು ಮಾಡ್ತಾರೆ ಅಂತ. ನಮ್ಮೂರಲ್ಲೇ ಅವ್ರೆ ಅಂತ ಗೊತ್ತಿರ್ಲಿಲ್ಲ." ಯಾರೋ ನಕ್ಕರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಕ್ಯಾನಿನ ಹಾಲನ್ನು ಡೇರಿಯ ಹಿಂದಿನ ಚರಂಡಿಗೆ ಸುರಿಸಿದರು. ಹದಿನೈದು ದಿನ ನಮ್ಮ ಮನೆಯ ಹಾಲು ಹಾಕಿಸಿಕೊಳ್ಳುವಂತಿಲ್ಲ ಎಂದರು. "ನನ್ ಕೈಲಿ ಏನಿಲ್ಲ ಕಣಮ್ಮ, ರೂಲ್ಸು," ಎಂದ ಕಾರ್ಯದರ್ಶಿ. ಅವನ ಕಣ್ಣು ತುಂಬಿತ್ತು. ಅತ್ತೆ ಖಾಲಿ ಕ್ಯಾನು ಎತ್ತಿಕೊಂಡು ನಡೆದರು. ನಾನು ಕ್ಯಾನಿಗೆ ಕೈ ಹಾಕಿದರೆ ಕೊಡಲಿಲ್ಲ. ದಾರಿಯುದ್ದಕ್ಕೂ ನಾನು ನಡೆದದ್ದನ್ನೆಲ್ಲ ಹೇಳುತ್ತಾ ಹೋದೆ. ಮನೆ ಬಾಗಿಲಲ್ಲಿ ಅವರು ಒಂದು ಮಾತಾಡಿದರು.

"ತಂಬ್ಗೆ ಬೆಚ್ಚಗಿತ್ತಮ್ಮಿ. ಈಗಿನ್ನ ಕರ್ದಿದ್ದಂಗೆ."

ನಾನು ಅಷ್ಟಕ್ಕೆ ಸುಮ್ಮನಾಗಬೇಕಿತ್ತು. ಆಗಲಿಲ್ಲ. ಸತ್ಯವನ್ನು ಪ್ರಯೋಗ ಮಾಡಿ ತೋರಿಸಿದರೆ ಜನ ನಂಬುತ್ತಾರೆ ಎಂದು ಇಷ್ಟು ವರ್ಷ ಮಕ್ಕಳಿಗೆ ಹೇಳಿಕೊಂಡು ಬಂದವಳು ನಾನು. ಭಾನುವಾರ ಬೆಳಿಗ್ಗೆ ನೆನೆದ ಕಡಲೆಬೀಜ, ಸಾಮೆ ಅಕ್ಕಿ, ಮಿಕ್ಸಿ, ಬಟ್ಟೆ, ಸಣ್ಣ ಸ್ಟವ್ವು ಎಲ್ಲ ಹೊತ್ತುಕೊಂಡು ಡೇರಿಗೆ ಹೋದೆ. ಎಲ್ಲರೆದುರು ರುಬ್ಬಿದೆ, ಹಿಂಡಿದೆ, ಕುದಿಸಿದೆ. ಹತ್ತು ನಿಮಿಷದಲ್ಲಿ ಪಾತ್ರೆ ತುಂಬ ಬೆಳ್ಳನೆಯ ಹಾಲು. "ನೋಡಿ, ಇದೇ. ಇದು ಕುಡಿಯೋಕೆ, ಬೆರೆಸೋಕಲ್ಲ," ಎಂದೆ. ಹಿರಿಯರೊಬ್ಬರು ಪಾತ್ರೆಗೆ ಬೆರಳದ್ದಿ ನೋಡಿ, ಪಕ್ಕದವರಿಗೆ, "ಎಷ್ಟು ಸಲೀಸು ನೋಡಲಾ! ಎಷ್ಟು ವರ್ಸದಿಂದ ಮಾಡ್ತಾವ್ರೋ," ಎಂದರು.

ಅಲ್ಲಿಯವರೆಗೆ ಒಂದು ದಿನದ್ದಾಗಿದ್ದ ಅನುಮಾನವನ್ನು ನಾನೇ ಮಿಕ್ಸಿ ಹೊತ್ತುಕೊಂಡು ಹೋಗಿ, ಅತ್ತೆ ಹಾಲು ಹಾಕಿದ್ದ ಮೂವತ್ತು ವರ್ಷಕ್ಕೂ ಎಳೆದು ಬಂದಿದ್ದೆ.

ಹದಿನೈದು ದಿನ ಡೇರಿ ಬೇಡವೆಂದಿತು, ಹಸುವಿಗೆ ಅದೇನು ಗೊತ್ತು? ಎರಡು ಹೊತ್ತೂ ಕೆಚ್ಚಲು ತುಂಬುತ್ತಿತ್ತು. ಅತ್ತೆ ಕರೆಯುತ್ತಿದ್ದರು, ನಾವು ಮೊಸರು ಮಾಡಿದೆವು, ಬೆಣ್ಣೆ ಕಾಯಿಸಿದೆವು, ಕರುವಿಗೆ ಬಿಟ್ಟೆವು. ಮಜ್ಜಿಗೆ ಕೊಡುತ್ತೇವೆಂದರೂ ಪಕ್ಕದವರು, "ನಮ್ಮನೇಲೂ ಐತೆ ಕಣಕ್ಕ," ಎನ್ನುತ್ತಿದ್ದರು. ಉಳಿದದ್ದು ಒಡೆದು ತಿಪ್ಪೆಗೆ ಹೋಯಿತು. ನೀರು, ಮೇವು, ಭೂಮಿಯ ಭಾರ ಎಂದೆಲ್ಲ ಪಾಠ ಹೇಳಿದ ನಾನು, ಆ ನೀರು ಆ ಮೇವು ಎಲ್ಲ ಹಾಲಾಗಿ ತಿಪ್ಪೆ ಸೇರುವುದನ್ನು ಬಕೆಟ್ಟು ಹಿಡಿದು ನೋಡಿದೆ. ನಗುವವರಿಗೆ ಇದಕ್ಕಿಂತ ಬೇಕೆ?

ಆ ವಾರವೇ ಎಂಟನೇ ತರಗತಿಗೆ ಪಿಷ್ಟದ ಪಾಠ ಬಂತು. ಆಲೂಗಡ್ಡೆ ಹೆಚ್ಚಿ, ಹನಿ ಬಿಟ್ಟು, ನೀಲಿ ತೋರಿಸಿದೆ. ನಮ್ಮೂರಿನ ಕಡೆಯಿಂದ ಬರುವ ಒಬ್ಬ ಹುಡುಗಿ ಕೈಯೆತ್ತಿ, "ಮಿಸ್, ಇದನ್ನ ಹಾಲಿಗೂ ಹಾಕಬಹುದಾ?" ಎಂದಳು. ಅವಳು ಬೇಕೆಂದು ಕೇಳಿದಳೋ ಸುಮ್ಮನೆ ಕೇಳಿದಳೋ ಇವತ್ತಿಗೂ ತಿಳಿಯದು. ಹಾಕಬಹುದು ಎಂದೆ. ಬೇರೆ ಏನು ಹೇಳಲಿ? ಸರಿಯಾದ ಉತ್ತರ ಅದೇ.

ಡೇರಿಯ ಹದಿನೈದು ದಿನ ಮುಗಿಯಲು ಇನ್ನು ನಾಲ್ಕು ದಿನ ಇದ್ದಾಗ ನಮ್ಮ ಬೀದಿಯ ತುದಿಯಲ್ಲಿ ಒಂದು ಹೊಸ ಮನೆಯ ಗೃಹಪ್ರವೇಶ ಬಂತು. ಪಾಯ ತೋಡಿದ ದಿನವೇ ಆ ಮನೆಯವರು ಅತ್ತೆಗೆ, "ಹಾಲು ನಿಮ್ಮನೇದೇ, ಮರೀಬ್ಯಾಡಿ," ಎಂದು ಹೇಳಿಹೋಗಿದ್ದರು. ಅತ್ತೆ ಮರೆತಿರಲಿಲ್ಲ. ನಸುಕಿನಲ್ಲೇ ಎದ್ದು ತಲೆಗೆ ನೀರು ಹಾಕಿಕೊಂಡು, ದೊಡ್ಡ ಹಸುವಿನ ಮೊದಲ ಹಾಲನ್ನು ಹಿತ್ತಾಳೆ ಚೊಂಬಿಗೆ ಕರೆದರು. ಬಾಯಿಗೆ ಬಾಳೆಲೆ ಮುಚ್ಚಿ, ಮೇಲೊಂದು ಸೇವಂತಿಗೆ ಇಟ್ಟು, ಪಡಸಾಲೆಯ ಸ್ಟೂಲಿನ ಮೇಲೆ ಇಟ್ಟರು. ಬಾಗಿಲು ತೆರೆದು ಹೊಸ್ತಿಲ ಪಕ್ಕ ಕೂತರು.

ನಾನು ಅಡಿಗೆಮನೆಯಿಂದ ನೋಡುತ್ತಿದ್ದೆ. ಹೋಗಿ ಏನಾದರೂ ಹೇಳಬೇಕೆನ್ನಿಸಿತು. ಏನು ಹೇಳುವುದು? ಬರುತ್ತಾರೆ ಎನ್ನಲೇ, ಬರುವುದಿಲ್ಲ ಎನ್ನಲೇ? ಬೀದಿಯಲ್ಲಿ ಯಾರದಾದರೂ ಕಾಲ್ಸಪ್ಪಳವಾದರೆ ಅತ್ತೆ ಸೆರಗು ಸರಿಮಾಡಿಕೊಳ್ಳುವರು. ಸಪ್ಪಳ ದಾಟಿ ಹೋಗುವುದು. ಬಿಸಿಲು ಹೊಸ್ತಿಲಿಗೆ ಬಂತು. ಆಮೇಲೆ ಬೀದಿಯ ತುದಿಯಿಂದ ಹೆಂಗಸರ ಕೂಗು ಕೇಳಿತು: "ಉಕ್ತು, ಉಕ್ತು!" ಹಾಲು ಉಕ್ಕಿತ್ತು. ಬೇರೆ ಹಾಲು.

ಅತ್ತೆ ಊಟಕ್ಕೆ ಹೋದರು. ಹೋಗದಿದ್ದರೆ ತಪ್ಪು ಒಪ್ಪಿಕೊಂಡಂತೆ ಆಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಆ ಮನೆಯ ಸೊಸೆ ಅತ್ತೆಯ ಎಲೆಗೆ ಎರಡನೇ ಸಲ ಒಬ್ಬಟ್ಟು ಬಡಿಸಿ, ಮೆಲ್ಲಗೆ, "ನಿಮ್ಗ್ಯಾಕೆ ತೊಂದ್ರೆ ಅಂತ ಪಾಕೀಟು ಹಾಲು ತಂದ್ಬಿಟ್ವಿ ದೊಡ್ಡವ್ವ," ಎಂದಳು. "ಒಳ್ಳೇದಾಯ್ತು ಬುಡವ್ವ," ಎಂದರು ಅತ್ತೆ. ಒಬ್ಬಟ್ಟನ್ನು ಪೂರ್ತಿ ತಿಂದರು.

ಮನೆಗೆ ಬಂದು ಚೊಂಬಿನ ಹಾಲನ್ನು ಕರುವಿನ ಬಾನಿಗೆ ಸುರಿದರು. ಚೊಂಬು ತೊಳೆದು ಬೋರಲು ಹಾಕಿದರು. ಆಮೇಲೆ ಅಡಿಗೆಮನೆಗೆ ಬಂದು, ಮಣೆ ಎಳೆದುಕೊಂಡು ಕೂತರು.

"ನೀನ್ ಮಾಡ್ತೀಯಲ್ಲ ಅದು. ಒಂದ್ಲೋಟ ಮಾಡು."

ಡೇರಿಯಲ್ಲಿ ಮಿಕ್ಸಿ ಇಟ್ಟು ಕುಣಿದ ದಿನದಿಂದ ನಾನು ಅದನ್ನು ಮುಟ್ಟಿರಲಿಲ್ಲ. ಬೀಜವನ್ನು ಬಿಸಿನೀರಿಗೆ ಹಾಕಿ ನೆನೆಸಿದೆ. ಅತ್ತೆ ಎದ್ದು ಹೋಗಲಿಲ್ಲ. ಸಿಪ್ಪೆ ಉಜ್ಜುವಾಗ ತಾವೂ ಒಂದು ಹಿಡಿ ತೆಗೆದುಕೊಂಡು ಉಜ್ಜಿದರು. ರುಬ್ಬಿದ್ದನ್ನು, ಹಿಂಡಿದ್ದನ್ನು, ಕುದಿಸಿದ್ದನ್ನು ಕಣ್ಣು ಕದಲಿಸದೆ ನೋಡಿದರು. ಸಕ್ಕರೆ ಡಬ್ಬ ತೆಗೆದರೆ ಬೇಡವೆಂದರು.

ಲೋಟವನ್ನು ಎರಡು ಕೈಯಲ್ಲಿ ಹಿಡಿದು ಮೊದಲು ಮೂಸಿದರು. ಸ್ವಲ್ಪ ಹೊತ್ತು ಹಾಗೇ ಮೂಗಿನ ಹತ್ತಿರ ಇಟ್ಟುಕೊಂಡಿದ್ದರು. ಆಮೇಲೆ ನಿಧಾನವಾಗಿ, ಗುಟುಕು ಗುಟುಕಾಗಿ ಪೂರ್ತಿ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಚೆನ್ನಾಗೇ ಐತಲ್ಲಮ್ಮಿ," ಎಂದರು.

ಈ ಒಂದು ಮಾತಿಗಾಗಿ ನಾನು ತಿಂಗಳುಗಟ್ಟಲೆ ಲೋಟ ಹಿಡಿದು ಅವರ ಹಿಂದೆ ತಿರುಗಿದ್ದೆ. ಈಗ ಅದನ್ನು ಕೇಳಿ ಒಲೆಯ ಕಡೆ ಮುಖ ತಿರುಗಿಸಿ ನಿಂತೆ.

"ಕಡ್ಲೆಕಾಯ್ ವಾಸ್ನೆ ಚೆಂದಾಗ್ ಬರ್ತೈತೆ," ಎಂದರು ಅವರು, ತಮಗೆ ತಾವೇ ಹೇಳಿಕೊಳ್ಳುವವರಂತೆ. "ನೀನ್ ಅಷ್ಟು ಸಲ ತಂದ್ಕೊಟ್ಟೆ. ಒಂದ್ಸಲನಾದ್ರೂ ಕುಡ್ದಿದ್ದಿದ್ರೆ, ಅವತ್ತು ಸುರಿಯೋವಾಗ್ಲೇ ನಂಗೆ ತಿಳಿಯೋದು. ನಂದೇ ತಪ್ಪು ಕಣಮ್ಮಿ."

ಅಲ್ಲ ಅತ್ತೆ, ನಂದು ಎನ್ನಬೇಕೆಂದು ಕೊನೆಗೂ ತಿರುಗಿದೆ. ಮಣೆ ಖಾಲಿಯಾಗಿತ್ತು. ಹಿತ್ತಲಲ್ಲಿ ಹಸು ಕೂಗಿತ್ತು, ಸಂಜೆಯ ಕರಾವಿನ ಹೊತ್ತಾಗಿತ್ತು, ಅವರು ಬಕೆಟ್ಟು ತೆಗೆದುಕೊಂಡು ಹೋಗಿದ್ದರು. ಲೋಟವನ್ನು ತಾವೇ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿದ್ದರು.